ತ್ರಾಸಿಯಲ್ಲಿ ತಾರೀಕು ಬದಲಾಗುತ್ತದೆ

ಸುಗುಣ ಕುಂದಾಪುರದಲ್ಲಿ ಕಂಪ್ಯೂಟರ್ ಸೆಂಟರ್ ತೆರೆದದ್ದು ೧೯೯೭ರಲ್ಲಿ. ಆಗ ಕಂಪ್ಯೂಟರ್ ಇದ್ದ ಕೋಣೆಗೆ ಜನ ಚಪ್ಪಲಿ ಕಳಚಿಟ್ಟು ಬರುತ್ತಿದ್ದರು. ಯಂತ್ರಕ್ಕೆ ಉಸಿರು ತಾಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವವರೂ ಇದ್ದರು. ಕೋಣೆ ಅವಳ ಅಣ್ಣ ರತನನದು. ಅವನು ಡೊಂಬಿವಿಲಿಯಲ್ಲಿ ಹೋಟೆಲು ನಡೆಸುತ್ತಿದ್ದ. ಮುಖ್ಯರಸ್ತೆಯ ಮೆಡಿಕಲ್ ಶಾಪಿನ ಮೇಲಿನ ಆ ಕೋಣೆ ಸದ್ಯಕ್ಕೆ ಖಾಲಿ ಬಿದ್ದಿದೆ, ತಂಗಿ ಏನಾದರೂ ಮಾಡಿಕೊಳ್ಳಲಿ ಎಂದು ಬೀಗದ ಕೈ ಕೊಟ್ಟಿದ್ದ.

ಸುಗುಣ ವಂಡ್ಸೆಯವಳು. ಬಿ.ಎಸ್ಸಿ. ಮುಗಿಸಿ ಮಂಗಳೂರಿನಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತಿದ್ದಳು. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ನೋಡಲು ಬಂದ ಇಬ್ಬರೂ ಮಾತು ಜಾಸ್ತಿ ಆಡಿದರು, ಅಷ್ಟೆ. ಬೆಳಿಗ್ಗೆ ಹೊತ್ತು ಕಾಲೇಜಿನ ಹುಡುಗಿಯರಿಗೆ ಪಾಠ, ಮಧ್ಯಾಹ್ನದ ಮೇಲೆ ಊರಿನ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು. ಪಾಠ ಅವಳಿಗೆ ಬೇಸರ. ಪ್ರೋಗ್ರಾಂ ಬರೆಯುವಾಗ ಮಾತ್ರ ಹೊಟ್ಟೆ ಹಸಿದದ್ದೂ ಗೊತ್ತಾಗುತ್ತಿರಲಿಲ್ಲ.

ಚಂದಯ್ಯ ಶೆಟ್ಟರ ಬಸ್ಸಿನ ಕೆಲಸ ಸಿಕ್ಕಿದ್ದು ೨೦೦೩ರ ಆರಂಭದಲ್ಲಿ. ಶೆಟ್ಟರು ದೂರದ ಲೆಕ್ಕದಲ್ಲಿ ಅವಳಿಗೆ ಮಾವ. ಉಡುಪಿಯಿಂದ ಪುಣೆಗೆ ಅವರ ರಾತ್ರಿ ಬಸ್ಸು ಓಡುತ್ತಿತ್ತು. ಬ್ರಹ್ಮಾವರ, ಕುಂದಾಪುರ, ಬೈಂದೂರು ಮೂರೂ ಕಡೆ ಟಿಕೆಟ್ ಕಚೇರಿ. ಮೂರು ಕಚೇರಿಗೂ ಕಂಪ್ಯೂಟರ್ ತಂದಿಟ್ಟು, "ಇನ್ ಕೈಯಂಗೆ ಬರಿಯೂದ್ ಬ್ಯಾಡ, ಎಲ್ಲಾ ಪ್ರಿಂಟ್ ಆಯ್ಕ್" ಎಂದು ಸುಗುಣಳಿಗೆ ಒಪ್ಪಿಸಿದರು. ಅವಳು ಒಂದು ತಿಂಗಳಲ್ಲಿ ಪ್ರೋಗ್ರಾಂ ಬರೆದು ಮುಗಿಸಿದಳು. ಟಿಕೆಟು ಚೆಂದವಾಗಿ ಬಂತು. ಸೀಟು ನಂಬರು, ಹೆಸರು, ವಾರ, ತಾರೀಕು, ಬಸ್ಸು ಬರುವ ಹೊತ್ತು.

ಅದರಲ್ಲಿ ಒಂದು ಸಂಗತಿ ಅವಳ ತಲೆಗೆ ಹೊಳೆಯಲೇ ಇಲ್ಲ. ಬಸ್ಸು ಬ್ರಹ್ಮಾವರಕ್ಕೆ ಬರುವುದು ಹತ್ತು ಮುಕ್ಕಾಲಿಗೆ. ಕುಂದಾಪುರಕ್ಕೆ ಹನ್ನೊಂದೂ ಇಪ್ಪತ್ತೈದಕ್ಕೆ. ಬೈಂದೂರಿಗೆ ಹನ್ನೆರಡೂ ಹತ್ತಕ್ಕೆ. ಅಂದರೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ ಇಟ್ಟುಕೊಂಡು ಬಸ್ಸು ಮರವಂತೆ ದಾಟುವ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ತ್ರಾಸಿಯಲ್ಲಿ, ತಾರೀಕು ಬದಲಾಗುತ್ತದೆ. ಬಸ್ಸಿನೊಳಗೆ ಮಲಗಿದವರಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಬೈಂದೂರಿನಲ್ಲಿ ಕಾಯುವವರಿಗೆ ಇದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಯಡ್ತರೆಯ ಬಚ್ಚ ಸೆಂಟರಿನ ಮೆಟ್ಟಿಲು ಹತ್ತಿ ಬಂದ. ಮೀನಿನ ವ್ಯಾಪಾರದವನು, ಅರವತ್ತು ದಾಟಿದವನು. ಪುಣೆಯಲ್ಲಿದ್ದ ತಂಗಿಯ ಮಗನ ನಿಶ್ಚಿತಾರ್ಥಕ್ಕೆ ಸೋದರಮಾವನಾಗಿ ಹೋಗಬೇಕಾಗಿದ್ದವನು. ಚಪ್ಪಲಿ ಕಳಚಲಿಲ್ಲ. ಟಿಕೆಟನ್ನು ಮೇಜಿನ ಮೇಲಿಟ್ಟ.

"ಅಮಾ, ಇದ್ ಬರ್ದದ್ದ್ ನೀವಾ?"

"ಪ್ರೋಗ್ರಾಂ ನಂದ್ ಬಚ್ಚಣ್ಣ. ಎಂತಾಯ್ತ್?"

"ಇದ್ರಂಗೆ ಎಂತ ಇತ್ತ್, ಓದಿ ಕಾಂಬ."

"ಹದ್ನಾರ್ ತಾರೀಕ್. ಆದಿತ್ಯವಾರ. ಹನ್ನೆರಡು ಹತ್ತ್."

"ಆದಿತ್ಯವಾರ ರಾತ್ರಿ ಉಂಡ್ಕಂಡ್, ಹೊಸ ಪಂಚಿ ಉಟ್ಕಂಡ್ ಹೋಯಿ ಕೂತೆ. ಬಸ್ಸೂ ಬಂತ್. ನನ್ನ್ ಸೀಟಂಗೆ ಯಾವನೋ ಗೊರ್ಕಿ ಹೊಡಿತಿದ್ದ. ಕಂಡಕ್ಟರ್ ಹೇಳ್ತ, ನಿಮ್ಮ್ ಬಸ್ ನಿನ್ನೆ ಹೋಯ್ತ್ ಅಂದೇಳಿ. ನಿನ್ನೆ ಶನಿವಾರ ಅಲ್ದನಾ? ಟಿಕೆಟಂಗೆ ಆದಿತ್ಯವಾರ ಅಂದೇಳಿ ಇತ್ತಲ್ದಾ?"

ಸುಗುಣ ಟಿಕೆಟು ನೋಡಿದಳು. ಶನಿವಾರ ರಾತ್ರಿ ಹನ್ನೆರಡು ಕಳೆದ ಮೇಲೆ ಆದಿತ್ಯವಾರ. ಗಡಿಯಾರದ ಪ್ರಕಾರ ತಪ್ಪೇನೂ ಇಲ್ಲ.

"ಹನ್ನೆರಡ್ ಹೊಡೆದ್ ಕೂಡ್ಲೇ ತಾರೀಕ್ ಬದ್ಲಾತ್ತ್ ಬಚ್ಚಣ್ಣ. ಅದ್ ಆದಿತ್ಯವಾರವೇ."

"ಬೆಳಗಾಪುದ್ರೊಳಗೆ ಆದಿತ್ಯವಾರ ಹ್ಯಾಂಗೆ ಬತ್ತ್? ಶನಿವಾರ ಒಪ್ಪತ್ತ್ ಮಾಡ್ದವ್ರ್ ಹನ್ನೆರಡ್ ಗಂಟಿಗ್ ಎದ್ಕಂಡ್ ಮೀನ್ ತಿಂತ್ರಾ?"

ಬಚ್ಚ ಬಾಗಿಲಿಗೆ ತಿರುಗಿದ.

"ನನ್ನ್ ಬಿಟ್ಟೇ ತಾಂಬೂಲ ಬದ್ಲಾಯ್ಸಿದ್ರ್ ಅಂಬ್ರ್. ಮದುವಿಗಾರೂ ನನ್ನ್ ಸರಿಯಾದ್ ದಿನ ಕಳ್ಸಿ, ಆತ್ತಾ?"

ಅವಳು ಅವತ್ತೇ ಬೈಂದೂರಿಗೆ ಹೋಗಿ ಅಲ್ಲಿನ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದಳು. ಟಿಕೆಟಿನ ತಾರೀಕಿನಿಂದ ಒಂದು ಕಳೆ. ಹದಿನಾರು ಇದ್ದದ್ದು ಹದಿನೈದಾಗುತ್ತದೆ, ಜನ ಹದಿನೈದರ ರಾತ್ರಿ ಬರುತ್ತಾರೆ, ಬಸ್ಸು ಸಿಗುತ್ತದೆ. ಎರಡು ವಾರ ಎಲ್ಲರೂ ಸುಖವಾಗಿದ್ದರು. ಆಮೇಲೆ ಬೈಂದೂರಿನ ಟಿಕೆಟ್ ಏಜೆಂಟ್ ಕುಷ್ಟ ಫೋನು ಮಾಡಿದ. ಅವನಿಗೆ ಬೀಡಾ ಅಂಗಡಿಯೂ ಇತ್ತು, ಬಾಯಿ ಖಾಲಿ ಇದ್ದದ್ದು ಕಡಿಮೆ.

"ಸುಗುಣಕ್ಕಾ, ಸೊನ್ನೆ ತಾರೀಕ್ ಅಂದ್ರೆ ಯಾವ ವಾರ?"

"ಎಂತ ಮಾತಾಡ್ತೆ ಕುಷ್ಟ?"

"ನಾನ್ ಮಾತಾಡ್ತಿಲ್ಲ. ನಿಮ್ಮ್ ಟಿಕೆಟ್ ಮಾತಾಡ್ತ್. ಸೊನ್ನೆ ಸೊನ್ನೆ, ಮಾರ್ಚ್. ಪಾರ್ಟಿ ಎದ್ರಿಗ್ ನಿಂತ್ಕಂಡಿದ್ರ್, ಪಂಚಾಂಗ ಕೇಂತಾ ಇದ್ರ್."

ಮಾರ್ಚ್ ಒಂದರಿಂದ ಒಂದು ಕಳೆದರೆ ಸೊನ್ನೆ. ಯಂತ್ರ ಹೇಳಿದ್ದನ್ನು ಮಾಡಿತ್ತು. ತಪ್ಪು ಅದರದಲ್ಲ. ಸುಗುಣಳ ಪ್ರೋಗ್ರಾಮಿನಲ್ಲಿ ತಾರೀಕೆಂದರೆ ಒಂದು ಉದ್ದ ಕಾಗದದ ಚೂರಿದ್ದ ಹಾಗೆ: ಮೊದಲೆರಡು ಅಂಕೆ ದಿನ, ನಡುವಿನೆರಡು ತಿಂಗಳು, ಕೊನೆಗೆ ವರ್ಷ. ಬೇಕಾದಾಗ ಕತ್ತರಿಸುವುದು, ಕೂಡಿಸುವುದು, ಮತ್ತೆ ಅಂಟಿಸುವುದು. ಅವಳು ಕಲಿತದ್ದೇ ಹಾಗೆ. ಈಗ ತಿಂಗಳ ಒಂದನೇ ತಾರೀಕಾದರೆ ಹಿಂದಿನ ತಿಂಗಳ ಕೊನೆಗೆ ಹೋಗು, ಆ ತಿಂಗಳು ಮೂವತ್ತರದೋ ಮೂವತ್ತೊಂದರದೋ ನೋಡು, ಫೆಬ್ರವರಿಯಾದರೆ ವರ್ಷ ನೋಡು, ಜನವರಿಯಾದರೆ ವರ್ಷವನ್ನೂ ಒಂದು ಹಿಂದೆ ತಳ್ಳು ಎಂದು ಒಂದು ಪುಟ ಬರೆದಳು. ಅದನ್ನು ಟಿಕೆಟಿಗೆ ಹಾಕಿದಳು. ಸೀಟಿನ ಪಟ್ಟಿಗೆ ಹಾಕಿದಳು. ಚಾಲಕನ ಪಟ್ಟಿಗೆ ಹಾಕಿದಳು. ಟಿಕೆಟು ರದ್ದು ಮಾಡುವ ಭಾಗಕ್ಕೆ ಹಾಕಲು ಮರೆತಳು.

ಹಾಗಾಗಿ ಏಪ್ರಿಲಿನಲ್ಲಿ ಬೈಂದೂರಿನವರು ಟಿಕೆಟು ರದ್ದು ಮಾಡಿದರೆ ಬೇರೆ ದಿನದ ಬೇರೆ ಯಾರದ್ದೋ ಸೀಟು ಖಾಲಿಯಾಗತೊಡಗಿತು. ಹಾಗೆ ಖಾಲಿಯಾದ ಸೀಟನ್ನು ಕುಷ್ಟ ಮತ್ತೆ ಮಾರಿದ. ಒಂದೇ ಸೀಟಿಗೆ ಇಬ್ಬರು ಸೇರಿ, ಹೊನ್ನಾವರದವರೆಗೆ ಜಗಳವಾಡಿ, ಆಮೇಲೆ ನೆಂಟಸ್ತಿಕೆ ಹುಡುಕಿಕೊಂಡು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರಂತೆ.

ಮಳೆಗಾಲದ ಮೊದಲ ಸಿಡಿಲು ಬ್ರಹ್ಮಾವರದ ಕಂಪ್ಯೂಟರನ್ನು ಸುಟ್ಟಿತು. ಹೊಸದು ಬಂತು. ಹೊಸದರಲ್ಲಿ ತಾರೀಕು ಬರೆಯುವ ಕ್ರಮ ಅಮೆರಿಕದವರದು. ಅವರು ತಿಂಗಳು ಮೊದಲು ಬರೆದು ದಿನ ಆಮೇಲೆ ಬರೆಯುತ್ತಾರೆ. ಜುಲೈ ಐದಕ್ಕೆ ಸೀಟು ಕೇಳಿದವರಿಗೆ ಮೇ ಏಳರ ಟಿಕೆಟು ಬಂತು, ಆ ಬಸ್ಸು ಪುಣೆ ಮುಟ್ಟಿ ಎರಡು ತಿಂಗಳಾಗಿತ್ತು. ಹದಿಮೂರನೇ ತಾರೀಕಿನಿಂದ ಮಾತ್ರ ಎಲ್ಲವೂ ತನ್ನಷ್ಟಕ್ಕೆ ಸರಿಯಾಯಿತು. ಹದಿಮೂರನೇ ತಿಂಗಳೆಂಬುದು ಇಲ್ಲವಾದ್ದರಿಂದ ಯಂತ್ರ ಅಲ್ಲಿಂದ ಮುಂದೆ ನಮ್ಮ ಕ್ರಮಕ್ಕೆ ಬರುತ್ತಿತ್ತು. ಆಗಸ್ಟ್ ಒಂದಕ್ಕೆ ಮತ್ತೆ ಕೆಟ್ಟಿತು. ಬ್ರಹ್ಮಾವರದ ಏಜೆಂಟ್ ಅನೂಪ ಇದು ಅಮಾವಾಸ್ಯೆಗೆ ಸಂಬಂಧಪಟ್ಟದ್ದೆಂದು ತೀರ್ಮಾನಿಸಿ ಕಂಪ್ಯೂಟರಿಗೆ ಲಿಂಬೆಹಣ್ಣು ಕಟ್ಟಿದ್ದ. ಸುಗುಣ ಅದನ್ನು ಬಿಚ್ಚಿ, ಯಂತ್ರದ ಕ್ರಮ ಬದಲಿಸಿ, ಮೂರು ಬಸ್ಸು ಹಿಡಿದು ಮನೆಗೆ ಹೋದಳು.

ನವರಾತ್ರಿಯ ಹೊತ್ತಿಗೆ ಚಂದಯ್ಯ ಶೆಟ್ಟರು ತಾವೇ ಸೆಂಟರಿಗೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಬಾಯಿಯ ಎಲೆ ಅಡಿಕೆಯನ್ನು ಕಿಟಕಿಯಾಚೆ ಉಗುಳಿದರು. ಅದು ಅವರ ಸಿಟ್ಟಿನ ಲಕ್ಷಣ.

"ಸುಗುಣ, ಬೆಂಗ್ಳೂರಿನ ಒಂದ್ ಕಂಪೆನಿಯವ್ರ್ ಬಂದಿದ್ರ್. ದೊಡ್ಡ್ ದೊಡ್ಡ್ ಬಸ್ಸಿನವ್ರಿಗೆಲ್ಲ ಅವ್ರೇ ಮಾಡಿ ಕೊಟ್ಟದ್ದ್ ಅಂಬ್ರ್."

"ಅವ್ರ್ ಬೈಂದೂರ್ ಕಂಡಿದ್ರಾ ಮಾವಯ್ಯ?"

"ಬೈಂದೂರ್ ಕಾಂಬುಕ್ ಎಂತ ಇತ್ತ್? ನಂಗ್ ಫೋನ್ ಬಪ್ಪುದ್ ನಿಲ್ಕ್, ಅಷ್ಟೇ. ಬೆಳಿಗ್ಗೆ ಎದ್ರೆ ಬೈಗಳು. ಚಾ ಕುಡುಕ್ ಬಿಡ್ತಿಲ್ಲ ಜನ."

"ದೀಪಾವಳಿವರೆಗ್ ಸಮಯ ಕೊಡಿ."

"ದೀಪಾವಳಿ ಕಳ್ದ್ ಜನ ವಾಪಸ್ ಹೋಪುವರೆಗ್ ಕೊಡ್ತೆ. ಆ ವಾರ ಒಂದ್ ಫೋನ್ ಬಂದ್ರೂ ಬೆಂಗ್ಳೂರಿನವ್ರಿಗೇ ಕೊಟ್ಟೆ, ನಿನ್ ಅಬ್ಬೆ ಬಂದ್ ಹೇಳಿರೂ ಕೇಂತಿಲ್ಲೆ."

ಅದೇ ಸಂಜೆ ರತನನ ಫೋನು ಬಂತು. ಇಬ್ಬರೂ ಮಾತಾಡಿಕೊಂಡಿದ್ದರೋ ಏನೋ.

"ಮೊಬೈಲ್ ಅಂಗ್ಡಿಯವ ಕೋಣಿ ಕೇಂತಾ ಇದ್ದ ಸುಗುಣ. ಶೆಟ್ರ್ ಕೆಲ್ಸ ನಿಂತ್ರೆ ನಿನ್ನ್ ಸೆಂಟರಂಗೆ ಉಳಿಯುದೆಂತ? ನಾಕ್ ಹುಡ್ಗಿಯರ್ ಟೈಪಿಂಗ್. ಇಲ್ಲ್ ಕ್ಯಾಷ್ ಕೌಂಟರಿಗ್ ನಂಬಿಕಿ ಜನ ಇಲ್ಲ. ನೀ ಬಂದ್ ಕೂಕಂಡ್ರೆ ನಂಗ್ ನಿಶ್ಚಿಂತಿ."

"ಕೌಂಟರಂಗೆ ಕೂಕಂಡ್ ಎಂತ ಮಾಡುದ್ ಅಣ್ಣಯ್ಯ?"

"ಕೂಕಂಬುದೇ ಕೆಲ್ಸ ಮಾರಾಯ್ತಿ."

ಡೊಂಬಿವಿಲಿಯ ಆ ಹೋಟೆಲನ್ನು ಅವಳು ನೋಡಿದ್ದಳು. ಕೌಂಟರಿನ ಹಿಂದೆ ಒಂದು ಎತ್ತರದ ಸ್ಟೂಲು, ತಲೆಯ ಮೇಲೆ ದೇವರ ಪಟ, ಎದುರಿಗೆ ಸೋಂಪಿನ ತಟ್ಟೆ. ಬೆಳಗಿನಿಂದ ರಾತ್ರಿವರೆಗೆ ಆ ಸೋಂಪಿನ ತಟ್ಟೆ ನೋಡಿಕೊಂಡು ಕೂರುವ ಕಲ್ಪನೆ ಅವಳನ್ನು ಎಬ್ಬಿಸಿ ಕೂರಿಸಿತು.

ಮರುದಿನ ಅವಳು ಪ್ರೋಗ್ರಾಮನ್ನು ಪೂರ್ತಿ ಪ್ರಿಂಟು ತೆಗೆದು ನೆಲದ ಮೇಲೆ ಹಾಸಿ, ತಾರೀಕು ಬರುವ ಕಡೆಯಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಗೀಟು ಹಾಕುತ್ತ ಬಂದಳು. ಮಧ್ಯಾಹ್ನಕ್ಕೆ ನೆಲವೆಲ್ಲ ಕೆಂಪಾಯಿತು. ಎಲ್ಲೆಂದರಲ್ಲಿ ಕತ್ತರಿ, ಅಂಟು. ಒಂದೇ ಲೆಕ್ಕವನ್ನು ಹನ್ನೆರಡು ಕಡೆ ಹನ್ನೆರಡು ಬಗೆಯಲ್ಲಿ ಮಾಡಿದ್ದಳು. ಒಂದು ತಪ್ಪು ತಿದ್ದಿದರೆ ಉಳಿದ ಹನ್ನೊಂದು ಕಡೆ ಅದು ಹಾಗೆಯೇ ಕೂತಿರುತ್ತಿತ್ತು. ಇದನ್ನು ತಿದ್ದುವುದಲ್ಲ, ಕಿತ್ತು ಹಾಕುವುದು ಎಂದು ಅವಳಿಗೆ ಆಗ ಖಚಿತವಾಯಿತು.

ಬೇರೊಂದು ಫೈಲು ತೆರೆದಳು. ತಾರೀಕಿನ ವಿಚಾರ ಏನಿದ್ದರೂ ಇನ್ನು ಇದೊಂದರಲ್ಲೇ ಇರಬೇಕು, ಉಳಿದ ಪ್ರೋಗ್ರಾಂ ಇದನ್ನು ಕೇಳಿ ತಿಳಿದುಕೊಳ್ಳಬೇಕೇ ಹೊರತು ತಾನು ಲೆಕ್ಕ ಹಾಕಬಾರದು. ಅದರೊಳಗೆ ತಾರೀಕು ಕಾಗದದ ಚೂರಲ್ಲ, ಒಂದು ಸಂಖ್ಯೆ. ಎಲ್ಲೋ ಒಂದು ದಿನವನ್ನು ಒಂದೆಂದು ಹಿಡಿದು ಅಲ್ಲಿಂದ ದಿನಗಳನ್ನು ಎಣಿಸುತ್ತ ಬಂದರೆ ಪ್ರತಿ ದಿನಕ್ಕೂ ಒಂದೊಂದು ನಂಬರು. ಒಂದು ಕೂಡಿಸಿದರೆ ನಾಳೆ, ಒಂದು ಕಳೆದರೆ ನಿನ್ನೆ. ತಿಂಗಳ ಕೊನೆ, ವರ್ಷದ ಕೊನೆ, ಫೆಬ್ರವರಿ, ಯಾವುದೂ ಅದಕ್ಕೆ ಅಡ್ಡ ಬರುವುದಿಲ್ಲ. ಕಾಗದಕ್ಕೆ ಇಳಿಸುವಾಗ ಮಾತ್ರ ದಿನ, ತಿಂಗಳು, ವರ್ಷ ಎಂದು ಬಿಡಿಸಿದರಾಯಿತು, ಅದೂ ನಮ್ಮ ಕ್ರಮದಲ್ಲಿ, ಯಂತ್ರ ಯಾವ ದೇಶದ್ದೇ ಇರಲಿ. ಇದೇನು ಅವಳು ಕಂಡುಹಿಡಿದ ಹೊಸ ವಿದ್ಯೆಯಲ್ಲ. ಮಂಗಳೂರಿನಲ್ಲಿ ಕಲಿತ ಪುಸ್ತಕದ ಏಳನೇ ಪಾಠದಲ್ಲಿಯೇ ಇತ್ತು. ಆ ವಾರ ಅವಳು ಜ್ವರದಿಂದ ಮಲಗಿದ್ದಳು.

ಪುಸ್ತಕದಲ್ಲಿ ಇಲ್ಲದ್ದು ಬಚ್ಚನ ಆದಿತ್ಯವಾರ. ಅದಕ್ಕೆ ಅವಳು ಎರಡು ದಿನ ಯೋಚಿಸಿದಳು. ಗಡಿಯಾರಕ್ಕೆ ದಿನ ಬದಲಾಗುವುದು ಹನ್ನೆರಡಕ್ಕೆ. ಮನುಷ್ಯರಿಗೆ ಬೆಳಗಾದ ಮೇಲೆ. ಎರಡನ್ನೂ ಒಂದೇ ಎಂದು ಹಿಡಿದದ್ದೇ ಎಡವಟ್ಟು. ಬಸ್ಸಿಗೆ ಅದರದೇ ಒಂದು ದಿನ ಇರಲಿ ಎಂದು ತೀರ್ಮಾನಿಸಿದಳು. ಉಡುಪಿಯಿಂದ ಹೊರಟ ದಿನವೇ ಬಸ್ಸಿನ ದಿನ. ಅದು ಬೈಂದೂರು ಮುಟ್ಟಲಿ, ಹುಬ್ಬಳ್ಳಿ ಮುಟ್ಟಲಿ, ಬೆಳಗಾಗುವವರೆಗೆ ಅದೇ ದಿನ. ಗಡಿಯಾರದ ತಾರೀಕು ಬೇಕಾದವರಿಗೆ ಅದು ಬೇರೆ, ಬಸ್ಸಿನ ದಿನ ಬೇಕಾದವರಿಗೆ ಇದು ಬೇರೆ. ಯಾವ ನಿಲ್ದಾಣಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಒಂದೇ ಕಡೆ ಬರೆದಿಟ್ಟದ್ದು. ಹನ್ನೆರಡು ದಾಟಿತೋ ಇಲ್ಲವೋ ಎಂದು ಫೈಲು ತಾನೇ ನೋಡಿಕೊಳ್ಳುತ್ತದೆ.

ಫೈಲಿನೊಳಗೆ ಒಂದೊಂದು ಲೆಕ್ಕ ಮಾಡುವ ಫಂಕ್ಷನುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿಯೇ ಊರಿನ ಹೆಸರು ಕೊಟ್ಟಳು: ನಾಳೆ, ನಾಡ್ದ್, ಬಪ್ಪವಾರ, ಬಸ್ಸಿನದಿನ. ಮೊದಲು ಒಂದು ಪುಟ ಹಿಡಿಯುತ್ತಿದ್ದದ್ದು ಈಗ ಒಂದು ಸಾಲು. ಓದಿದರೆ ಮನೆಯಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು. ಕೆಲಸ ಮುಗಿಯುವ ಹೊತ್ತಿಗೆ ಅವಳ ಪ್ರೋಗ್ರಾಂ ಮೊದಲಿನದರ ಅರ್ಧದಷ್ಟಾಗಿತ್ತು. ಇದೆಲ್ಲ ಮೊದಲೇ ಯಾಕೆ ತೋಚಲಿಲ್ಲ ಎಂದು ತನ್ನನ್ನು ತಾನು ಬೈದುಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ಮೂರು ಕಚೇರಿಗೂ ಹೋಗಿ ಹಾಕಿ ಬಂದಳು.

ಕುಷ್ಟ ಮೊದಲ ಟಿಕೆಟನ್ನು ಬೆಳಕಿಗೆ ಹಿಡಿದು ಓದಿದ. "ಶನಿವಾರ ರಾತ್ರಿಯ ಬಸ್ಸು. ಹನ್ನೆರಡು ಹೊಡೆದ ಮೇಲೆ, ಹನ್ನೆರಡೂ ಹತ್ತಕ್ಕೆ." ಮತ್ತೊಮ್ಮೆ ಓದಿದ.

"ಇಷ್ಟ್ ಬರೂಕ್ ಎಂಟ್ ತಿಂಗ್ಳ್ ಬೇಕಾಯ್ತಾ ಸುಗುಣಕ್ಕಾ?"

"ನೀ ಬೀಡಾ ಕಟ್ಟ್ ಕುಷ್ಟ."

ದೀಪಾವಳಿಯ ಹಬ್ಬ ಸುಸೂತ್ರವಾಗಿ ಕಳೆಯಿತು. ಜನ ವಾಪಸ್ಸು ಹೊರಡುವ ವಾರ ಶುರುವಾಯಿತು. ಅಕ್ಟೋಬರ್ ಮೂವತ್ತರ ಬೆಳಿಗ್ಗೆ ಶೆಟ್ಟರೇ ಫೋನು ಮಾಡಿದರು. ದನಿಯಲ್ಲಿ ಎಲೆ ಅಡಿಕೆ ಇರಲಿಲ್ಲ.

"ಬ್ರಹ್ಮಾವರ ಕಳ್ದ್ ಸೇತುವೆ ರಿಪೇರಿ ಅಂಬ್ರ್. ನಾಳೆಯಿಂದ ರಾತ್ರಿ ಬಸ್ ಸುತ್ತಿ ಬರ್ಕಂಬ್ರ್. ಕುಂದಾಪುರಕ್ ಬಪ್ಪುಕೇ ಹನ್ನೆರಡ್ ಕಾಲ್ ಆತ್ತ್, ಬೈಂದೂರಿಗ್ ಒಂದ್. ಬೆಂಗ್ಳೂರಿನವ್ರತ್ರ ಕೇಂಡೆ, ನಿಮ್ದ್ರಂಗೆ ಇದ್ ಬದ್ಲ್ ಮಾಡುದಾರೆ ಎಷ್ಟ್ ಹೊತ್ತ್ ಅಂದೇಳಿ. ಹದ್ನೈದ್ ದಿನ ಅಂದ್ರ್. ನೀ ಎಷ್ಟ್ ದಿನ ಅಂತೆ?"

"ನಿಮ್ಮ್ ಆಫೀಸಿಗ್ ಬತ್ತೆ. ಚಾ ಮಾಡುಕ್ ಹೇಳಿ."

ನಾಳೆ ಮೂವತ್ತೊಂದು. ತಿಂಗಳ ಕೊನೆ. ಇಷ್ಟರವರೆಗೆ ಬೈಂದೂರಿಗೆ ಮಾತ್ರ ಇದ್ದ ಗೋಳು ಈಗ ಕುಂದಾಪುರಕ್ಕೂ ಬಂತು. ಹಳೆಯ ಪ್ರೋಗ್ರಾಮಾಗಿದ್ದರೆ ಈ ಊರಿನವರೆಲ್ಲ ನವೆಂಬರ್ ಒಂದರ ರಾತ್ರಿ ಬಂದು, ಹೋದ ಬಸ್ಸಿಗೆ ಕಾಯುತ್ತಿದ್ದರು. ಅವಳು ಕುಂದಾಪುರ ಕಚೇರಿಯ ಯಂತ್ರದ ಮುಂದೆ ಕುಳಿತು ಆ ಒಂದು ಫೈಲನ್ನು ತೆರೆದಳು. ಎರಡು ನಿಲ್ದಾಣದ ಹೊತ್ತು ಬದಲಿಸಿದಳು. ಮುಚ್ಚಿದಳು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ತಾರೀಕು ಬದಲಾಗುವ ಜಾಗ ತ್ರಾಸಿಯಿಂದ ಕೋಟದ ಹತ್ತಿರಕ್ಕೆ ಸರಿಯಿತು.

"ಆಯ್ತಾ?" ಎಂದರು ಶೆಟ್ಟರು. ಚಾ ಇನ್ನೂ ಬಂದಿರಲಿಲ್ಲ.

"ಆಯ್ತ್."

"ಕುಶಾಲ್ ಬ್ಯಾಡ ಮಾರಾಯ್ತಿ. ನಾಳೆಗೊಂದ್ ಟಿಕೆಟ್ ತೆಗಿ ಕಾಂಬ, ಕುಂದಾಪುರದ್ದ್."

ಪ್ರಿಂಟರು ಕರಕರ ಎಂದಿತು. ಶೆಟ್ಟರು ಕನ್ನಡಕ ಹಾಕಿಕೊಂಡು ಓದಿದರು. "ಶುಕ್ರವಾರ ರಾತ್ರಿಯ ಬಸ್ಸು. ಅಕ್ಟೋಬರ್ ಮೂವತ್ತೊಂದು. ಹನ್ನೆರಡು ಹೊಡೆದ ಮೇಲೆ, ಹನ್ನೆರಡು ಕಾಲಿಗೆ." ಬ್ರಹ್ಮಾವರದ್ದು ತೆಗೆಯಲು ಹೇಳಿದರು. ಅದರಲ್ಲಿ 'ಹನ್ನೆರಡು ಹೊಡೆದ ಮೇಲೆ' ಎಂಬುದು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆಮೇಲೆ ತಮ್ಮ ತಲೆಗೆ ಹೊಳೆದ ಪರೀಕ್ಷೆಗಳನ್ನೆಲ್ಲ ಮಾಡಿಸಿದರು: ಡಿಸೆಂಬರ್ ಮೂವತ್ತೊಂದು, ಬರುವ ಫೆಬ್ರವರಿ ಇಪ್ಪತ್ತೊಂಬತ್ತು, ಕೊನೆಗೆ ತಮ್ಮ ಎಪ್ಪತ್ತನೆಯ ಹುಟ್ಟಿದ ಹಬ್ಬದ ರಾತ್ರಿ. ಎಲ್ಲವೂ ಸರಿ ಬಂತು. ಚಾ ಬಂತು.

ಉಳಿದೆರಡು ಊರಿಗೆ ಹೋಗಿ ಅದೇ ಫೈಲು ಹಾಕಿ ಬರಲು ಅವಳಿಗೆ ಅರ್ಧ ದಿನ ಹಿಡಿಯಿತು. ಅಷ್ಟೂ ಬಸ್ಸಿನಲ್ಲಿ ಕೂತದ್ದೇ.

ಶನಿವಾರ ಬೆಳಿಗ್ಗೆ ಸೆಂಟರಿನಲ್ಲಿ ಫೋನು ಬಡಿಯಲಿಲ್ಲ. ಹತ್ತು ಗಂಟೆಯವರೆಗೆ ಸುಗುಣ ಹುಡುಗಿಯರಿಗೆ ಪಾಠ ಮಾಡಿದಳು. ಆಮೇಲೆ ರಿಸೀವರ್ ಎತ್ತಿ ಲೈನು ಸತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಮತ್ತೆ ತಡೆಯಲಾರದೆ ಬೈಂದೂರಿಗೆ ತಾನೇ ಫೋನು ಹಚ್ಚಿದಳು.

"ಹ್ವಾಯ್ ಕುಷ್ಟ, ಎಂತಾಯ್ತ್?"

"ಎಂತ ಆಯ್ಕಿತ್ತ್? ಬಸ್ ಬಂತ್. ಜನ ಹತ್ತಿದ್ರ್. ಬಸ್ ಹೋಯ್ತ್."

"ಯಾರೂ ಉಳೀಲಿಲ್ಯಾ?"

"ನಾನೊಬ್ನೇ ಉಳ್ದೆ. ನಾನ್ ಟಿಕೆಟ್ ಮಾಡಿರ್ಲಿಲ್ಲ."

ಶೆಟ್ಟರು ಹೊಗಳಲಿಲ್ಲ. ಸೋಮವಾರ ಆಳಿನ ಕೈಯಲ್ಲಿ ಹೇಳಿ ಕಳಿಸಿದರು: ಬೆಂಗಳೂರಿನವರನ್ನು ಬೇಡವೆಂದದ್ದಾಯಿತು, ಬ್ರಹ್ಮಾವರದಲ್ಲಿ ತಮ್ಮ ಭಾವನ ಮದುವೆ ಹಾಲ್ ಇದೆ, ಅಲ್ಲಿಯೂ ದಿನದ ರಗಳೆ, ಬಂದು ನೋಡತಕ್ಕದ್ದು. ಹಾಲಿನ ರಗಳೆ ಏನೆಂದರೆ ಮದುವೆಯ ದಿನ ಅಲ್ಲಿ ಹಿಂದಿನ ಸಂಜೆಯೇ ಶುರುವಾಗುತ್ತದೆ, ಅಡುಗೆಯವರು ಪಾತ್ರೆ ಇಳಿಸುವಾಗ. ಸುಗುಣ ಫೈಲಿಗೆ 'ಹಾಲಿನದಿನ' ಎಂದು ಒಂದು ಹೆಸರು ಸೇರಿಸಿದಳು. ಅದಾದ ಮೇಲೆ ಗಂಗೊಳ್ಳಿಯ ಐಸ್ ಪ್ಲಾಂಟು ಬಂತು, ಅಲ್ಲಿ ದೋಣಿಯವರ ದಿನ ಇನ್ನೊಂದು ಬಗೆ. ಅದಕ್ಕೂ ಒಂದು ಹೆಸರು. ೨೦೧೦ರ ಹೊತ್ತಿಗೆ ಸೆಂಟರಿನಲ್ಲಿ ಟೈಪಿಂಗ್ ಪಾಠ ನಿಂತಿತ್ತು, ಇಬ್ಬರು ಹುಡುಗಿಯರು ಕೆಲಸಕ್ಕಿದ್ದರು, ದಿವ್ಯಾ ಮತ್ತು ನಿಶ್ಮಿತಾ. ಸೇರಿದ ದಿನ ಅವರಿಗೆ ಸುಗುಣ ಹೇಳುತ್ತಿದ್ದ ನಿಯಮ ಒಂದೇ: ತಾರೀಕನ್ನು ನೀವು ಕೈಯಿಂದ ಮುಟ್ಟಬಾರದು, ಫೈಲನ್ನು ಕೇಳಬೇಕು. ಮುಟ್ಟಿದವಳು ಒಂದು ವಾರ ಬೈಂದೂರಿಗೆ ಹೋಗಿ ಕುಷ್ಟನ ಮಾತು ಕೇಳಿಕೊಂಡು ಬರಬೇಕು.

ರತನ ಆ ವರ್ಷ ಮೇ ತಿಂಗಳಲ್ಲಿ ಊರಿಗೆ ಬಂದವನು ಕೋಣೆ ನೋಡಲು ಮೇಲೆ ಹತ್ತಿದ. ಬಾಗಿಲಲ್ಲಿ ನಿಂತು ಎಣಿಸಿದ: ಐದು ಮೇಜು. ನಡೆಯಲು ಜಾಗವಿರಲಿಲ್ಲ.

"ಇಷ್ಟ್ ಮೇಜ್ ಇಟ್ಕಂಡ್ ಇಷ್ಟ್ ಸಣ್ಣ್ ಕೋಣೆಯಂಗೆ ಹ್ಯಾಂಗೆ ಕೂಕಂತ್ರಿ?"

"ಅದನ್ನೇ ಹೇಳುಕಿದ್ದೆ ಅಣ್ಣಯ್ಯ. ನಮ್ಮ್ ಪಕ್ಕದ್ ಕೋಣಿ ಬಾಡ್ಗಿಯವ ಬಿಟ್ಟ. ಅದ್ರ್ ಬೀಗದ್ ಕೈ ಯಾರತ್ರ ಇತ್ತ್?"

ರತನ ಕಿಸೆಗೆ ಕೈ ಹಾಕಿ ಬೀಗದ ಕೈ ತೆಗೆದ.